ಒಂದೇ ಪ್ರಿಸೆಟ್ ಸಾಕು, ಕಿರುಬೆರಳಿಗೆ ಕೆಲಸ ಕೊಡಿ

ಕ್ಯಾಂಪಸ್ಸಿನ ಗಿಟಾರಿಸ್ಟ್ ಗೆಳೆಯರಿಗೆ ಒಂದು ಮಾತು ನೇರವಾಗಿ ಹೇಳಿಬಿಡ್ತೀವಿ. ನಿಮ್ಮ ಮಲ್ಟಿ ಎಫೆಕ್ಟ್ಸ್ ಪೆಡಲ್‌ನಲ್ಲಿ ನೂರು ಪ್ರಿಸೆಟ್ ತುಂಬಿಕೊಂಡಿರೋದು ಹೆಮ್ಮೆ ಪಡೋ ವಿಷಯ ಅಲ್ಲ. ಕ್ಲೀನ್‌ಗೊಂದು, ಕ್ರಂಚ್‌ಗೊಂದು ಅಂತ ಇಟ್ಟುಕೊಂಡು ಸ್ಟೇಜ್ ಮೇಲೆ ಕಾಲಲ್ಲಿ ತಡಕಾಡೋದಕ್ಕಿಂತ, ಒಂದೇ ಆಂಪ್ ಪ್ರಿಸೆಟ್ಟನ್ನು ಸರಿಯಾಗಿ ಕಟ್ಟಿ, ಎರಡೂ ಟೋನನ್ನು ಗಿಟಾರಿನ ವಾಲ್ಯೂಮ್ ನಾಬ್‌ನಿಂದಲೇ ತೆಗೆಯೋದು ಮೇಲು ಅನ್ನೋದು ನಮ್ಮ ವಾದ.

ಡಿಜಿಟಲ್ ಆಂಪ್ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ವಾಕ್ಸ್ ಎಸಿ-30 ಥರದ ಟ್ಯೂಬ್ ಆಂಪ್ ಸುಮಾರು 30 ಕಿಲೋ ತೂಗುತ್ತೆ, ಅದನ್ನ ಕಂಪ್ಲಿ ಬಸ್ಸಿಗೆ ಹತ್ತಿಸೋರು ಯಾರು? ಸಂಡೂರಿನ ಗಣೇಶನ ಪೆಂಡಾಲಾಗಲಿ, ಹೊಸಪೇಟೆಯ ಕಾಲೇಜ್ ಫೆಸ್ಟ್ ಆಗಲಿ, ಗಿಟಾರಿನ ವೈರು ಹೋಗೋದು ನೇರ ಮಿಕ್ಸರ್‌ಗೆ. ಸ್ಪೀಕರ್ ಕ್ಯಾಬಿನೆಟ್ಟಿನ ಕೆಲಸವೂ ಪೆಡಲ್‌ನದೇ, ಹಾಗಾಗಿ ಕ್ಯಾಬ್ ಸಿಮ್ಯುಲೇಶನ್ ಆನ್ ಇರಲಿ. ಇಲ್ಲದಿದ್ದರೆ ಓವರ್‌ಡ್ರೈವ್ ಅನ್ನೋದು ಡಬ್ಬಿಯೊಳಗಿನ ನೊಣದ ಥರ ಕೇಳಿಸುತ್ತೆ.

ತಕರಾರಿರೋದು ಪ್ರಿಸೆಟ್ ಬದಲಾಯಿಸೋ ಚಟದ ಬಗ್ಗೆ. ಬದಲಾಯಿಸಿದಾಗ ಡಿಎಸ್‌ಪಿ ಹೊಸ ಬ್ಲಾಕ್‌ಗಳನ್ನ ಲೋಡ್ ಮಾಡಬೇಕು, ಎಷ್ಟೋ ಪೆಡಲ್‌ಗಳಲ್ಲಿ ಅಷ್ಟೊತ್ತು ಸದ್ದು ಕಟ್ ಆಗುತ್ತೆ, ಡಿಲೇಯ ಬಾಲ ತುಂಡಾಗುತ್ತೆ. ಅದಕ್ಕಿಂತ ಕೆಟ್ಟದ್ದು ಲೆವೆಲ್. ಹಾಸ್ಟೆಲ್ ರೂಮಲ್ಲಿ ಹೆಡ್‌ಫೋನ್ ಹಾಕಿ ಹೊಂದಿಸಿದ್ದು ಮೈದಾನದಲ್ಲಿ ಹೊಂದೋದಿಲ್ಲ. ಕ್ಲೀನ್ ಎಲ್ಲೋ ಮಾಯ, ಡ್ರೈವ್ ಬಂದ ಕೂಡಲೇ ಹಾಡುವವರ ಮಾತೇ ನುಂಗಿಹೋಗುತ್ತೆ.

ನಮಗೆ ಹೊಟ್ಟೆ ಉರಿಯೋದು ಇಲ್ಲೇ. ನಮ್ಮ ಬ್ಯಾಂಡುಗಳು ಬರೀ ಇಂಗ್ಲಿಷ್ ಕವರ್ ನುಡಿಸೋ ಕಾಲ ಅಲ್ಲ ಇದು. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಬಂದಮೇಲೆ ತತ್ವಪದಕ್ಕೆ ಗಿಟಾರ್ ಕೂರಿಸೋ ಆಸೆ ಎಲ್ಲರಿಗೂ ಇದೆ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನದಿಂದ ಸ್ವಲ್ಪ ದೂರ ಹೊಳೆ ಕಡೆ ಇಳಿದರೆ ಪುರಂದರ ಮಂಟಪ ಇದೆ, ದಾಸರ ಪದಗಳಂತೂ ನಮ್ಮ ಊರಿನ ಆಸ್ತಿ. ಈ ಪದಗಳ ಕಟ್ಟು ನೋಡಿ: ಪಲ್ಲವಿ, ಚರಣ, ಮತ್ತೆ ಪಲ್ಲವಿ. ಚರಣದಲ್ಲಿ ಮಾತು ಮುಖ್ಯ, ಗಿಟಾರ್ ತೆಳ್ಳಗಿರಬೇಕು. ಪಲ್ಲವಿಗೆ ಎಲ್ಲರೂ ಕೂಡಿದಾಗ ದಪ್ಪಗಾಗಬೇಕು. ಹಾಡುವವರು ಇದ್ದಕ್ಕಿದ್ದಂತೆ ಒಂದು ಸಾಲನ್ನ ಮತ್ತೆ ಎತ್ತಿಕೊಂಡರೆ? ಪೆಡಲ್ ತುಳಿಯೋಕೆ ಟೈಮಿರಲ್ಲ. ನಾಬ್ ಮಾತ್ರ ಕಿರುಬೆರಳ ತುದಿಯಲ್ಲೇ ಇರುತ್ತೆ.

ತುಂಗಭದ್ರಾ ಡ್ಯಾಮಿಗೆ 33 ಕ್ರೆಸ್ಟ್ ಗೇಟು. ಎಷ್ಟು ನೀರು ಬೇಕೋ ಅಷ್ಟು ಎತ್ತುತ್ತಾರೆಯೇ ಹೊರತು, ಕಡಿಮೆ ನೀರಿಗೊಂದು ಜಾಸ್ತಿ ನೀರಿಗೊಂದು ಅಂತ ಬೇರೆ ಬೇರೆ ಡ್ಯಾಮ್ ಕಟ್ಟೋದಿಲ್ಲ. ಓವರ್‌ಡ್ರೈವೂ ಹಾಗೇ. ಅದಕ್ಕೆ ಸರಳ ಮಾದರಿ ಹೈಪರ್ಬಾಲಿಕ್ ಟ್ಯಾಂಜೆಂಟ್ ಕರ್ವ್, ಎಂ-1ರಲ್ಲಿ ಬೈಕೊಂಡು ಕಲಿತದ್ದೇ. ಇನ್‌ಪುಟ್ 3 ಇದ್ದರೆ ಔಟ್‌ಪುಟ್ 0.995, ಅಂದ್ರೆ ತಲೆ ಚಪ್ಪಟೆ, ಪೂರ್ತಿ ಡ್ರೈವ್. ಇನ್‌ಪುಟ್ಟನ್ನ ಕಾಲು ಭಾಗಕ್ಕೆ, 0.75ಕ್ಕೆ ಇಳಿಸಿದರೆ ಔಟ್‌ಪುಟ್ 0.635. ಒಳಗೆ ಹೋಗೋದು 12 ಡೆಸಿಬೆಲ್ ಇಳಿದರೂ ಹೊರಗೆ ಬರೋದು ಇಳಿದದ್ದು 4 ಡೆಸಿಬೆಲ್ ಅಷ್ಟೇ! ಸದ್ದು ಸಾಕಷ್ಟು ಉಳೀತು, ಕೊಳೆ ಬಹುಪಾಲು ಹೋಯ್ತು. ಇನ್ನೂ ಇಳಿಸಿ 0.3ಕ್ಕೆ ಬಂದರೆ 0.291, ಕರ್ವ್ ಹೆಚ್ಚುಕಡಿಮೆ ನೇರ ಗೆರೆ, ಪೂರಾ ಕ್ಲೀನ್. ಆದರೆ ಆಗ ಸದ್ದೂ ಚೆನ್ನಾಗೇ ಬೀಳುತ್ತೆ. ಹಾಗಾಗಿ ಗೇನ್ ಮಿತಿಯಲ್ಲಿರಬೇಕು.

ಕಟ್ಟೋದು ಹೀಗೆ. ವಾಕ್ಸ್ ಅಥವಾ ಹಳೇ ಮಾರ್ಷಲ್ ಥರದ ಮಧ್ಯಮ ಗೇನಿನ ಮಾಡೆಲ್ ತಗೊಳ್ಳಿ. ಗಿಟಾರ್ ವಾಲ್ಯೂಮ್ 10ರಲ್ಲಿಟ್ಟು ಜೋರಾಗಿ ಬಾರಿಸಿ, ಪಲ್ಲವಿಗೆ ಬೇಕಾದಷ್ಟು ಕ್ರಂಚ್ ಬರೋವರೆಗೆ ಮಾತ್ರ ಗೇನ್ ಏರಿಸಿ. ಪೆಡಲ್‌ನ ಇನ್‌ಪುಟ್ ಮೀಟರ್ ಕೆಂಪಾಗಬಾರದು. ಕನ್ವರ್ಟರ್ ಕ್ಲಿಪ್ ಆಗೋದಕ್ಕೂ ಆಂಪ್ ಮಾಡೆಲ್ ಕ್ಲಿಪ್ ಆಗೋದಕ್ಕೂ ಬಾನು ಭೂಮಿ ವ್ಯತ್ಯಾಸ. ಆಮೇಲೆ ನಾಬನ್ನ 5ರ ಆಸುಪಾಸಿಗೆ ತಂದು, ಮೆಲ್ಲಗೆ ಬೆರಳಲ್ಲಿ ಮೀಟಿ ನೋಡಿ. ಆಂಪಿನ ಮುಂಚೆ ಕಂಪ್ರೆಸರ್ ಇದ್ದರೆ ತೆಗೀರಿ, ನೀವು ಇಳಿಸಿದ್ದನ್ನೆಲ್ಲ ಅದು ಮತ್ತೆ ಎತ್ತಿಬಿಡುತ್ತೆ. ನಾಯ್ಸ್ ಗೇಟ್ ಹೊಂದಿಸೋದು ನಾಬ್ ಇಳಿಸಿದ ಮೇಲೆಯೇ, ಇಲ್ಲದಿದ್ದರೆ ಚರಣದ ಮೆಲು ಸ್ವರಗಳೇ ಕತ್ತರಿಸಿಹೋಗ್ತವೆ.

‘ನಾಬ್ ಇಳಿಸಿದ್ರೆ ಟೋನ್ ಮಂಕಾಗುತ್ತೆ’ ಅಂತ ಸೀನಿಯರ್‌ಗಳು ಹೇಳ್ತಾರೆ. ನಿಜ, ಆದರೆ ಅದು ಪೆಡಲ್ ತಪ್ಪಲ್ಲ, ಆರ್‌ಸಿ ಫಿಲ್ಟರ್. 500 ಕಿಲೋಓಮ್ ಪಾಟ್ ವೋಲ್ಟೇಜನ್ನ ಅರ್ಧಕ್ಕೆ ಇಳಿಸಿದಾಗ ಅದರ ಔಟ್‌ಪುಟ್ ಇಂಪೀಡೆನ್ಸ್ ಸುಮಾರು 125 ಕಿಲೋಓಮ್. ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್ ಅಂತ ಹಿಡಿದರೆ 6 ಮೀಟರಿಗೆ 600. ಕಟ್‌ಆಫ್ ಲೆಕ್ಕ ಹಾಕಿ: 2.1 ಕಿಲೋಹರ್ಟ್ಸ್. ಗಿಟಾರಿನ ಹೊಳಪೆಲ್ಲ ಅದರ ಮೇಲೇ ಇರೋದು. 3 ಮೀಟರಿನ ಕೇಬಲ್ ಹಾಕಿದರೆ ಅದು ಎರಡುಪಟ್ಟಾಗುತ್ತೆ. ಇಲ್ಲವೇ ಪಾಟ್‌ನ ಇನ್‌ಪುಟ್ ಮತ್ತು ಔಟ್‌ಪುಟ್ ಕಾಲುಗಳ ನಡುವೆ 1 ನ್ಯಾನೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಪ್ಯಾರಲಲ್ ಆಗಿ 150 ಕಿಲೋಓಮ್ ರೆಸಿಸ್ಟರ್ ಬೆಸುಗೆ ಹಾಕಿ. ಒಂದು ಚಹಾದ ದುಡ್ಡಲ್ಲಿ ಮುಗಿಯೋ ಕೆಲಸಕ್ಕೆ ಸಾವಿರಾರು ರೂಪಾಯಿಯ ಪ್ರಿಸೆಟ್ ಪ್ಯಾಕ್ ಯಾಕೆ ಬೇಕು? ಇಸಿಇ, ಟ್ರಿಪಲ್‌ಇ ಹುಡುಗರು ಹುಡುಗಿಯರು ಇದ್ದೂ ಇದನ್ನ ಮಾಡದಿದ್ದರೆ ಲ್ಯಾಬ್‌ನಲ್ಲಿ ಸೋಲ್ಡರಿಂಗ್ ಐರನ್ ಇರೋದು ಯಾತಕ್ಕೆ?

ಮೆಟಲ್ ನುಡಿಸೋರಿಗೆ ಈ ಮಾತು ಒಪ್ಪಲ್ಲ, ಗೊತ್ತು. ಅಷ್ಟು ಗೇನಿನಲ್ಲಿ ನಾಬ್ ಇಳಿಸಿದರೂ ಕ್ಲೀನ್ ಬರೋದಿಲ್ಲ. ಅವರು ಒಂದೇ ಪ್ರಿಸೆಟ್ಟಿನೊಳಗೆ ಸೀನ್ ಅಥವಾ ಸ್ನ್ಯಾಪ್‌ಶಾಟ್ ಬಳಸಲಿ. ಲೈನ್ 6 ಹೀಲಿಕ್ಸ್‌ನಲ್ಲಿ ಪ್ರಿಸೆಟ್‌ಗೆ 8 ಸಿಗ್ತವೆ, ಡಿಲೇ ಬಾಲವೂ ಉಳಿಯುತ್ತೆ. ಸೋಲೋ ಬೇಕಾದವರು ಡ್ರೈವ್ ಕಡಿಮೆ, ಲೆವೆಲ್ ಜಾಸ್ತಿ ಇಟ್ಟ ಒಂದು ಬೂಸ್ಟ್ ಬ್ಲಾಕ್ ಸೇರಿಸಿಕೊಳ್ಳಲಿ, ಅಲ್ಲಿಗೆ ಮುಗೀತು.

ಇನ್ನೊಂದು ವಿಷಯ, ಪ್ರಾಕ್ಟೀಸ್ ರೂಮಿನ ಪೆಡಲ್ ಬಗ್ಗೆ. ಹೊಸಪೇಟೆಯವರು, ಸಂಡೂರಿನವರು, ಕಂಪ್ಲಿಯಿಂದ ಓಡಾಡೋರು ಎಲ್ಲರೂ ಹಂಚಿಕೊಳ್ಳೋದು ಅದೊಂದನ್ನೇ. ಒಬ್ಬೊಬ್ಬರಿಗೆ ಒಂದೇ ಸ್ಲಾಟ್ ಅಂತ ಈ ಸೆಮಿಸ್ಟರಿನಿಂದ ರೂಲ್ ಮಾಡೋಣ. ಸ್ಲಾಟಿಗೆ ನಿಮ್ಮ ಹೆಸರು, ಪಕ್ಕದಲ್ಲಿ ಸಿಂಗಲ್ ಕಾಯಿಲ್ಲೋ ಹಂಬಕರ್ರೋ ಅಂತ ಬರೆದಿರಿ. ಉಳಿದದ್ದನ್ನೆಲ್ಲ ಬರೋ ಶನಿವಾರದೊಳಗೆ ಬ್ಯಾಕಪ್ ತಗೊಂಡು ಖಾಲಿ ಮಾಡಿ.