‘ರೆ’, ‘ರೂ’ ಗೊತ್ತಿದ್ದೂ ‘ಇಫ್’ಗೆ ಹೆದರೋದಾ?

ಪ್ಲೇಸ್‌ಮೆಂಟ್ ಟೆಸ್ಟಿನ ಇಂಗ್ಲಿಷ್ ಭಾಗದಲ್ಲಿ ನಾವು ಮುಗ್ಗರಿಸೋದು ದೊಡ್ಡ ಪದಗಳಲ್ಲಲ್ಲ, ‘ಇಫ್’, ‘ಆಲ್ದೋ’ಗಳಲ್ಲಿ. ಅಡ್ವರ್ಬಿಯಲ್ ಕ್ಲಾಜ್ ಅನ್ನೋ ಹೆಸರೇ ಅರ್ಧ ಹೆದರಿಸುತ್ತೆ. ‘ಇಫ್ ಇಟ್ ವಿಲ್ ರೇನ್’ ಅಂತ ಬರೆದು ಮಾರ್ಕ್ಸ್ ಕಳ್ಕೊಳ್ತೀವಿ, ಆಮೇಲೆ ಕನ್ನಡ ಮೀಡಿಯಮ್ಮನ್ನ ಬೈತೀವಿ.

ಕನ್ನಡದ ತಪ್ಪೇನೂ ಇಲ್ಲ. ‘ನಾಳೆ ಮಳೆ ಬಂದರೆ ಮ್ಯಾಚ್ ಇರಲ್ಲ’ ಅಂತೀವಲ್ಲ, ಮಾತು ನಾಳೆಯದು. ಆದರೂ ‘ಬಂದರೆ’ಯಲ್ಲಿ ಭವಿಷ್ಯತ್ಕಾಲ ಎಲ್ಲಿದೆ? ಇಂಗ್ಲಿಷಿಗೂ ಅಲ್ಲಿ ‘ವಿಲ್’ ಬೇಡ, ‘ಇಫ್ ಇಟ್ ರೇನ್ಸ್’ ಸಾಕು. ‘ಅವನು ಬಂದಾಗ ಹೇಳ್ತೀನಿ’ ಅನ್ನೋದಕ್ಕೂ ಇದೇ ಲೆಕ್ಕ: ‘ವೆನ್ ಹಿ ಕಮ್ಸ್’. ಇನ್ನು ‘ಮಳೆ ಬಂದರೂ ಆಡಿದೆವು’ ಅನ್ನುವಾಗ ನಡುವೆ ‘ಆದರೆ’ ತುರುಕ್ತೀವಾ? ಮತ್ತೆ ‘ಆಲ್ದೋ’ ಹಾಕಿದ ವಾಕ್ಯಕ್ಕೆ ‘ಬಟ್’ ಯಾಕೆ?

ವ್ಯತ್ಯಾಸ ಇರೋದು ಜಾಗದಲ್ಲಿ. ನಮ್ಮ ‘ರೆ’, ‘ರೂ’ ಕ್ರಿಯಾಪದದ ಬಾಲಕ್ಕೆ ಅಂಟುತ್ತವೆ; ‘ಇಫ್’, ‘ಆಲ್ದೋ’ ಉಪವಾಕ್ಯದ ತಲೆಯಲ್ಲಿ ಕೂರುತ್ತವೆ. ಕನ್ನಡದಲ್ಲಿ ಹೇಳಿದರೆ ಹತ್ತು ನಿಮಿಷದ ಪಾಠ. ಟ್ರೈನಿಂಗ್ ಕ್ಲಾಸಲ್ಲಿ ಕನ್ನಡ ಬಾಯಿಗೆ ಬಂದರೆ ಮಾತ್ರ ಗುರಾಯಿಸ್ತಾರೆ. ಮುಂದಿನ ಸೆಮ್‌ನಲ್ಲಿ ಬೋರ್ಡಿನ ಒಂದು ಬದಿ ಕನ್ನಡಕ್ಕೆ ಬಿಡಿ ಅಂತ ನಾವೇ ಕೇಳಬೇಕು.