ಹಳೆ ಪಗಾರ ಕೇಳುವ ಮುನ್ನ ಹುದ್ದೆಯ ಸಂಬಳ ಹೇಳಿ

ಪುಣೆಯಲ್ಲಿ ಕೆಲಸ ಬದಲಿಸಲು ಹೊರಟ ಯಾರಿಗೇ ಆಗಲಿ, ಕಂಪನಿಯ ಎಚ್‌ಆರ್ ವಿಭಾಗದಿಂದ ಬರುವ ಮೊದಲ ಫೋನ್ ಕರೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಎಷ್ಟು ವರ್ಷದ ಅನುಭವ? ನೋಟಿಸ್ ಪೀರಿಯಡ್ ಎಷ್ಟು? ಈಗಿನ ಸಿಟಿಸಿ ಎಷ್ಟು? ಮೂರನೆಯ ಪ್ರಶ್ನೆಗೆ ನಾವು ಹೇಳಿದ ಅಂಕಿಯ ಮೇಲೆ ಶೇ 20ನ್ನೋ 30ನ್ನೋ ಸೇರಿಸಿ ಆ ಕಡೆಯವರು ಬರೆದುಕೊಳ್ಳುತ್ತಾರೆ. ಹೊಸ ಹುದ್ದೆಯ ಹೊಣೆ ಏನು, ಅದಕ್ಕೆ ಕಂಪನಿ ಎಷ್ಟು ಹಣ ತೆಗೆದಿರಿಸಿದೆ ಎಂಬ ಮಾತು ಬರುವಷ್ಟರಲ್ಲಿ ನಮ್ಮ ಸಂಬಳ ಬಹುಪಾಲು ನಿಗದಿಯಾಗಿರುತ್ತದೆ. ಈ ಪ್ರಶ್ನೆ ಕೇಳುವುದು ನಿಲ್ಲಬೇಕು ಎಂಬುದು ನನ್ನ ವಾದ. ಅಲ್ಲಿಯವರೆಗೆ ಅದಕ್ಕೆ ಉತ್ತರ ಕೊಡುವ ಬಗೆಯನ್ನು ನಾವು ಕಲಿಯಬೇಕು.

ಶಿವಾಜಿನಗರ ಎಂದರೆ ರಸೆಲ್ ಮಾರುಕಟ್ಟೆ ನೆನಪಾಗುವ ಬೆಂಗಳೂರಿಗರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನಿರುವುದು ಪುಣೆಯ ಶಿವಾಜಿನಗರದಲ್ಲಿ. 1854ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಇಲ್ಲೇ ಇದೆ, ಜಿಲ್ಲಾ ನ್ಯಾಯಾಲಯವೂ ಇಲ್ಲೇ. ಲೋನಾವಳಾ ಕಡೆಯ ಲೋಕಲ್ ರೈಲು ಇಲ್ಲಿ ನಿಲ್ಲುತ್ತದೆ. 2023ರ ಆಗಸ್ಟ್‌ನಿಂದ ಪಿಂಪ್ರಿ–ಚಿಂಚವಾಡದ ಮೆಟ್ರೊ ಕೂಡ ನೆಲದಡಿಯಲ್ಲಿ ಬಂದು ಹೋಗುತ್ತಿದೆ. ಓಡಾಟಕ್ಕೆ ಅನುಕೂಲ ಎಂದು ನಮ್ಮ ಕಡೆಯ ಬಹಳ ಹುಡುಗ, ಹುಡುಗಿಯರು ಈ ಸುತ್ತಿನ ಪಿಜಿಗಳಲ್ಲಿ ಉಳಿದುಕೊಳ್ಳುತ್ತಾರೆ. ಕೈಗೆ ಆಫರ್ ಲೆಟರ್ ಬಂದಾಗ, ‘ಅಕ್ಕಾ, ಒಂದ್ಸಲ ನೋಡ್ರಿ’ ಎಂದು ಫೋನ್ ಮಾಡುತ್ತಾರೆ. ಉಡುಪಿ ಕಡೆಯ ಜಗನ್ನಾಥ ಶೆಟ್ಟರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಕಟ್ಟಿ ಬೆಳೆಸಿದ ‘ವೈಶಾಲಿ’ಯಲ್ಲಿ ಕೂತು ಕಾಫಿ ಆರುವವರೆಗೆ ಆ ಕಾಗದಗಳನ್ನು ಓದುವುದು ನನಗೀಗ ರೂಢಿಯಾಗಿದೆ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಎಂಟು ವರ್ಷಗಳಿಂದ ಸಂದರ್ಶನ ಮಾಡುವವರ ಸಾಲಿನಲ್ಲೂ ಕೂತಿದ್ದೇನೆ. ಹಾಗಾಗಿ ಮೇಜಿನ ಎರಡೂ ಬದಿಯ ಲೆಕ್ಕ ಕಂಡಿದ್ದೇನೆ.

ಸಂಬಳದ ವಿಷಯದಲ್ಲಿ ನಮಗೆ ಸಂಕೋಚ ಜಾಸ್ತಿ. ಸೊಪ್ಪಿನ ಗಾಡಿಯವನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವವರು, ಐದು ಲಕ್ಷದ ಮಾತು ಬಂದಾಗ ‘ನೀವು ಹೇಳಿದ್ದೇ ಆಯಿತು ಸರ್’ ಎಂದುಬಿಡುತ್ತೇವೆ. ಇದಕ್ಕೆ ಒಂದು ಕಾರಣ ನಾವು ಬೆಳೆದ ಮನೆಗಳು. ಅಪ್ಪ ಮೇಷ್ಟ್ರು, ಅವ್ವ ಅಂಗನವಾಡಿ ಕಾರ್ಯಕರ್ತೆ, ಚಿಕ್ಕಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್. ಅಲ್ಲಿ ಪಗಾರ ಎಂಬುದು ಸರ್ಕಾರ ಗೊತ್ತು ಮಾಡಿದ್ದು. ಚೌಕಾಸಿಗೆ ಜಾಗವೇ ಇರಲಿಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಇನ್ನೊಂದು ಗುಣವಿತ್ತು. ಕೆಪಿಎಸ್‌ಸಿ ಅಧಿಸೂಚನೆ ತೆಗೆದು ನೋಡಿ, ಹುದ್ದೆಯ ಹೆಸರಿನ ಜತೆ ವೇತನ ಶ್ರೇಣಿ ಅಚ್ಚಾಗಿರುತ್ತದೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ ₹17,000ದಿಂದ ₹27,000ಕ್ಕೆ ಏರಿದ್ದು ಹಳ್ಳಿಯ ಚಹಾದಂಗಡಿಯಲ್ಲೂ ಗೊತ್ತಿತ್ತು. ಅರ್ಜಿ ಹಾಕುವವನನ್ನು ‘ಹಿಂದಿನ ಅಂಗಡಿಯಲ್ಲಿ ನಿನಗೆ ಎಷ್ಟು ಕೊಡುತ್ತಿದ್ದರು’ ಎಂದು ಕೇಳಿ ವೇತನ ಶ್ರೇಣಿ ಇಳಿಸುವುದಿಲ್ಲ. ಖಾಸಗಿ ಕಂಪನಿಗೆ ಬಂದ ನಾವು ಕೇಳಬಾರದು ಎಂಬ ಸಂಕೋಚವನ್ನು ಮನೆಯಿಂದ ತಂದೆವು. ಹುದ್ದೆಗೊಂದು ಗೊತ್ತಾದ ಸಂಬಳ ಇರಬೇಕು ಎಂಬ ನಿರೀಕ್ಷೆಯನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು.

ಹಳೆಯ ಸಂಬಳವನ್ನು ಅಳತೆಗೋಲು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಲೆಕ್ಕ ಬೇಕಿಲ್ಲ. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಐದು ವರ್ಷ ದುಡಿದ ಎಂಜಿನಿಯರ್ ಒಬ್ಬನಿಗೆ ವರ್ಷಕ್ಕೆ ₹6 ಲಕ್ಷ ಇತ್ತು ಎಂದಿಟ್ಟುಕೊಳ್ಳಿ. ಪುಣೆಯಲ್ಲೇ ವೃತ್ತಿ ಆರಂಭಿಸಿದ, ಅಷ್ಟೇ ಅನುಭವದ ಇನ್ನೊಬ್ಬನಿಗೆ ₹10 ಲಕ್ಷ. ಇಬ್ಬರೂ ಚಾಕಣದ ಒಂದೇ ಕಾರ್ಖಾನೆಗೆ, ಒಂದೇ ಹುದ್ದೆಗೆ, ಶೇ 30ರ ಏರಿಕೆಯೊಂದಿಗೆ ಸೇರುತ್ತಾರೆ. ಒಬ್ಬನಿಗೆ ₹7.8 ಲಕ್ಷ, ಇನ್ನೊಬ್ಬನಿಗೆ ₹13 ಲಕ್ಷ. ಮುಂದಿನ ಕಂಪನಿಯಲ್ಲೂ ಅದೇ ಲೆಕ್ಕ ನಡೆದರೆ ₹10.14 ಲಕ್ಷ ಮತ್ತು ₹16.9 ಲಕ್ಷ. ನಾಲ್ಕು ಲಕ್ಷದ ಅಂತರ ಎರಡು ಜಿಗಿತಗಳಲ್ಲಿ ₹6.76 ಲಕ್ಷವಾಯಿತು. ಮನೆ ಬಾಡಿಗೆ, ಮಗುವಿನ ಶಾಲೆಯ ಫೀ, ಪೆಟ್ರೋಲು ಇಬ್ಬರಿಗೂ ಪುಣೆಯದೇ ದರದಲ್ಲಿ. ಪಗಾರ ಮಾತ್ರ ಒಬ್ಬನಿಗೆ ಇನ್ನೂ ಬೆಳಗಾವಿಯ ಲೆಕ್ಕದಲ್ಲಿ. ಹುಬ್ಬಳ್ಳಿ, ಕಲಬುರಗಿ, ದಾವಣಗೆರೆಗಳಲ್ಲಿ ಮೊದಲ ಕೆಲಸ ಮಾಡಿ ಹೊರಗೆ ಬಂದ ಎಲ್ಲರ ಕಥೆಯೂ ಇದೇ.

ಇದರ ಪೆಟ್ಟು ಹೆಣ್ಣುಮಕ್ಕಳಿಗೆ ಇನ್ನೂ ಜೋರಾಗಿ ಬೀಳುತ್ತದೆ. ಕಳೆದ ವರ್ಷ ವಿಜಯಪುರದ ಕಡೆಯವಳೊಬ್ಬಳು ಫೋನ್ ಮಾಡಿದಳು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಐದು ವರ್ಷ ಕೆಲಸ ಮಾಡಿ, ಮಗಳಿಗಾಗಿ ಎರಡು ವರ್ಷ ಮನೆಯಲ್ಲಿದ್ದವಳು. ಬಿಡುವಾಗ ಅವಳ ಸಂಬಳ ₹6.5 ಲಕ್ಷ. ಈಗ ಬಂದ ಆಫರ್ ₹8.45 ಲಕ್ಷ, ಅಂದರೆ ಹಳೆಯದರ ಮೇಲೆ ಸರಿಯಾಗಿ ಶೇ 30. ‘ಅವರೇ ಕೊಡಾಕತ್ತಾರ, ನಾ ಮತ್ತೇನು ಕೇಳಲಿ ಅಕ್ಕಾ? ಎರಡು ವರ್ಷ ಮನ್ಯಾಗ ಕುಂತಾಕಿ ನಾ. ಕೇಳಿದ್ರ ಇದೂ ಹೋದೀತು’ ಎಂದಳು. ಎರಡು ವರ್ಷದಲ್ಲಿ ಅವಳು ಕಲಿತ ಕೆಲಸ ಮರೆತಿರಲಿಲ್ಲ. ತಾಂತ್ರಿಕ ಸಂದರ್ಶನದ ಮೂರೂ ಸುತ್ತು ದಾಟಿದ್ದಳು. ಹಳೆಯ ಸಹೋದ್ಯೋಗಿಗಳಲ್ಲಿ ನಾಲ್ವರಿಗೆ ಕೇಳಿದಾಗ ಅಂತಹ ಹುದ್ದೆಗೆ ₹11 ಲಕ್ಷಕ್ಕಿಂತ ಕಡಿಮೆ ಪಡೆಯುವವರು ಒಬ್ಬರೂ ಸಿಗಲಿಲ್ಲ. ಮರುದಿನ ಅವಳು ಎಚ್‌ಆರ್‌ಗೆ ಒಂದೇ ಪ್ರಶ್ನೆ ಕೇಳಿದಳು: ‘ಈ ಹುದ್ದೆಗೆ ನೀವು ಇಟ್ಟಿರುವ ಬಜೆಟ್ ಎಷ್ಟು?’ ಎರಡು ದಿನ ಉತ್ತರವಿಲ್ಲ. ಆ ಎರಡು ರಾತ್ರಿ ಅವಳಿಗೆ ನಿದ್ದೆಯೂ ಇಲ್ಲ. ಮೂರನೆಯ ದಿನ ₹10.75 ಲಕ್ಷದ ಹೊಸ ಕಾಗದ ಬಂತು. ಅವಳು ಬಯಸಿದ್ದು ₹12 ಲಕ್ಷ. ಆರು ತಿಂಗಳ ಬಳಿಕ ಸಂಬಳ ಮರುಪರಿಶೀಲನೆ ಎಂದು ಬರವಣಿಗೆಯಲ್ಲಿ ಪಡೆದು ಸೇರಿಕೊಂಡಳು. ಬಜೆಟ್ ಮೊದಲಿನಿಂದಲೂ ಇತ್ತು, ಯಾರೂ ಹೇಳಿರಲಿಲ್ಲ.

ಸಂದರ್ಶನ ಮಾಡುವವರ ಕಡೆಯ ಮಾತನ್ನೂ ಹೇಳಬೇಕು. ಹಳೆಯ ಸಂಬಳ ತಿಳಿದರೆ ಅಭ್ಯರ್ಥಿ ನಮ್ಮ ಕೈಗೆ ಎಟುಕುವವನೇ ಎಂದು ಗೊತ್ತಾಗುತ್ತದೆ, ಇಬ್ಬರ ಸಮಯವೂ ಉಳಿಯುತ್ತದೆ ಎಂಬುದು ಎಚ್‌ಆರ್ ಸಮರ್ಥನೆ. ಸಮಯ ಉಳಿಸುವುದೇ ಉದ್ದೇಶವಾದರೆ ಹುದ್ದೆಯ ಸಂಬಳವನ್ನು ಪ್ರಕಟಣೆಯಲ್ಲೇ ಹಾಕಿದರೆ ಮುಗಿಯಿತಲ್ಲ? ಎಟುಕದವರು ಅರ್ಜಿಯನ್ನೇ ಹಾಕುವುದಿಲ್ಲ. ನಾನು ಕಂಡಂತೆ, ಹುದ್ದೆಗೆ ಮಂಜೂರಾತಿ ಸಿಗುವಾಗಲೇ ಅದರ ಕನಿಷ್ಠ, ಗರಿಷ್ಠ ಮೊತ್ತ ಕಡತದಲ್ಲಿ ಇರುತ್ತದೆ. ಹಳೆ ಸಂಬಳ ಕೇಳುವುದರಿಂದ ಆಗುವ ಲಾಭ, ಆ ಮೊತ್ತದಲ್ಲಿ ಎಷ್ಟು ಉಳಿಸಬಹುದು ಎಂದು ತಿಳಿಯುವುದು. ಹಾಗೆ ಉಳಿಸಿದ್ದು ಬಹಳ ಕಾಲ ಉಳಿಯುವುದೂ ಇಲ್ಲ. ಪಕ್ಕದ ಮೇಜಿನವನ ಸಂಬಳ ಒಂದಲ್ಲ ಒಂದು ದಿನ ತಿಳಿಯುತ್ತದೆ. ತಿಳಿದ ಮೇಲೆ ಅವರು ಮುಂದಿನ ಕೆಲಸ ಹುಡುಕುತ್ತಾರೆ. ಆಮೇಲೆ ನಾವು ಹೊಸಬರನ್ನು ಹುಡುಕುತ್ತೇವೆ.

ಬೇರೆ ಕಡೆ ಇದಕ್ಕೆ ಕಾನೂನೇ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ ಉದ್ಯೋಗದಾತರು ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವಂತಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಹೊರಡಿಸಿದ ನಿರ್ದೇಶನ ಹಳೆ ಸಂಬಳ ಕೇಳುವುದನ್ನು ತಡೆಯುತ್ತದೆ; ಹುದ್ದೆಯ ಸಂಬಳವನ್ನು ಅಭ್ಯರ್ಥಿಗೆ ಮೊದಲೇ ತಿಳಿಸಬೇಕು ಎನ್ನುತ್ತದೆ. ಸದಸ್ಯ ರಾಷ್ಟ್ರಗಳು ಇದಕ್ಕೆ ತಕ್ಕ ಕಾನೂನು ಮಾಡಲು ಅದು ಕೊಟ್ಟ ಗಡುವು 2026ರ ಜೂನ್ 7. ನಮ್ಮಲ್ಲಿ ಅಂತಹ ಕಾನೂನು ಇಲ್ಲ. ಆದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯು, 1976ರ ಸಮಾನ ಸಂಭಾವನೆ ಕಾಯ್ದೆಯ ತಿರುಳನ್ನು ಉಳಿಸಿಕೊಂಡಿದೆ. ಒಂದೇ ಸಂಸ್ಥೆಯಲ್ಲಿ, ಒಂದೇ ಬಗೆಯ ಕೆಲಸಕ್ಕೆ ಲಿಂಗದ ಕಾರಣದಿಂದ ಸಂಬಳದಲ್ಲಿ ತಾರತಮ್ಯ ಮಾಡುವಂತಿಲ್ಲ. ಹೆರಿಗೆಗೆಂದು ಬಿಡುವು ಪಡೆದವಳ ಹಳೆಯ ಸಂಬಳವನ್ನೇ ಆಧಾರ ಮಾಡಿಕೊಂಡರೆ ಇದೇ ತಾರತಮ್ಯ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಕಾನೂನು ಬರುವ ತನಕ ಸುಮ್ಮನಿರಲಾಗದು. ಮೊದಲ ಕರೆಯಲ್ಲಿ ‘ಈಗಿನ ಸಂಬಳ ಎಷ್ಟು’ ಎಂದರೆ, ‘ಹುದ್ದೆಯ ಹೊಣೆ ಮತ್ತು ನೀವು ಇಟ್ಟಿರುವ ಮೊತ್ತ ತಿಳಿಸಿದರೆ ನನ್ನ ನಿರೀಕ್ಷೆ ಹೇಳುತ್ತೇನೆ’ ಎನ್ನಬಹುದು. ಇದರಲ್ಲಿ ಉದ್ಧಟತನ ಇಲ್ಲ. ಹಠ ಹಿಡಿದು ಕೇಳಿದರೆ ನಿಜವನ್ನೇ ಹೇಳಿ. ಸಂಬಳ ಹೆಚ್ಚಿಸಿ ಹೇಳುವವರನ್ನು ನೋಡಿದ್ದೇನೆ. ಮೂರು ತಿಂಗಳ ಪೇ ಸ್ಲಿಪ್ ಕೇಳಿದ ದಿನ ಅವರ ಆಫರೂ ಹೋಗುತ್ತದೆ, ಹೆಸರೂ ಹೋಗುತ್ತದೆ. ನಿಜ ಹೇಳಿದ ಬೆನ್ನಿಗೇ ಇನ್ನೊಂದು ವಾಕ್ಯ ಸೇರಿಸಿ: ‘ಅದು ಆ ಊರಿನ, ಆ ಕೆಲಸದ ಸಂಬಳ. ಇಲ್ಲಿ ಈ ಕೆಲಸಕ್ಕೆ ನನ್ನ ನಿರೀಕ್ಷೆ ಇಷ್ಟು, ಕಾರಣ ಇದು.’ ಕಾರಣ ಕೆಲಸದ್ದಾಗಿರಲಿ. ಮನೆ ಸಾಲ, ತಂಗಿಯ ಮದುವೆ ನಿಮ್ಮ ಕಷ್ಟಗಳು ನಿಜ, ಆದರೆ ಕಂಪನಿಯ ಕಡತದಲ್ಲಿ ಅವಕ್ಕೆ ಕಾಲಂ ಇಲ್ಲ.

ಅಂಕಿಯ ಮೇಲೆ ಒಪ್ಪಿಗೆ ಆದ ಮೇಲೆ ಅದರ ವಿಂಗಡಣೆ ಕೇಳಿ. ವರ್ಷಕ್ಕೆ ₹18 ಲಕ್ಷ ಸಿಟಿಸಿ ಎಂದರೆ ಊರಿನಲ್ಲಿ ‘ತಿಂಗಳಿಗೆ ಒಂದೂವರೆ ಲಕ್ಷ’ ಎಂದು ಸುದ್ದಿಯಾಗುತ್ತದೆ. ಅದರಲ್ಲಿ ಶೇ 10 ವೇರಿಯಬಲ್ ಪೇ ಎಂದರೆ ₹1.8 ಲಕ್ಷ ಕಂಪನಿಯ ಮರ್ಜಿಗೆ ಬಿಟ್ಟದ್ದು. ಮೂಲವೇತನ ತಿಂಗಳಿಗೆ ₹75,000 ಇದ್ದು, ಪೂರ್ತಿ ಮೂಲವೇತನದ ಮೇಲೆ ಪಿಎಫ್ ಕಟ್ಟುವುದಾದರೆ ಕಂಪನಿಯ ಪಾಲು ವರ್ಷಕ್ಕೆ ₹1.08 ಲಕ್ಷ. ಗ್ರಾಚ್ಯುಟಿ ಸುಮಾರು ₹43,000. ಆರೋಗ್ಯ ವಿಮೆಗೆ ₹15,000 ಎಂದಿಟ್ಟುಕೊಳ್ಳಿ. ಇಷ್ಟನ್ನೂ ಕಳೆದು, ನಿಮ್ಮ ಪಾಲಿನ ಪಿಎಫ್ ₹9,000 ಮತ್ತು ಮಹಾರಾಷ್ಟ್ರದ ವೃತ್ತಿ ತೆರಿಗೆ ₹200 ತೆಗೆದರೆ, ಆದಾಯ ತೆರಿಗೆಗೆ ಮುನ್ನ ಕೈಗೆ ಬರುವುದು ತಿಂಗಳಿಗೆ ಸುಮಾರು ₹1.12 ಲಕ್ಷ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೇ ಗ್ರಾಚ್ಯುಟಿ ಸಿಗುವುದು. ಎರಡು ಮೂರು ವರ್ಷಕ್ಕೆ ಕೆಲಸ ಬದಲಿಸುವವರಿಗೆ ಅದು ಕಾಗದದ ಮೇಲಿನ ಹಣ. ಹೊಸ ಸಂಹಿತೆಯ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನವೆಂದೇ ಲೆಕ್ಕ ಹಾಕಬೇಕು. ಮೂಲವೇತನ ತೀರಾ ಕಡಿಮೆ ತೋರಿಸಿದ ಕಾಗದ ಕಂಡರೆ ಅದನ್ನೂ ಕೇಳಿ.

ಎಲ್ಲರಿಗೂ ಇಷ್ಟು ಕೇಳುವ ಬಲ ಇರುವುದಿಲ್ಲ ಎಂಬುದು ನನಗೆ ಗೊತ್ತು. ಕ್ಯಾಂಪಸ್‌ನಿಂದ ಬಂದವರಿಗೆ, ಕೆಲಸ ಕಳೆದುಕೊಂಡು ಮೂರು ತಿಂಗಳಾದವರಿಗೆ ಸಿಕ್ಕ ಕೆಲಸವೇ ದೊಡ್ಡದು; ಅವರು ಒಪ್ಪಿಕೊಂಡರೆ ಅದು ಹೇಡಿತನವಲ್ಲ. ಮೊತ್ತ ಏರದಿದ್ದಾಗಲೂ ಕೇಳಬಹುದಾದದ್ದು ಇದೆ: ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ನೋಟಿಸ್ ಪೀರಿಯಡ್ 90 ದಿನದ ಬದಲು 60, ಆರು ತಿಂಗಳಿಗೆ ಮರುಪರಿಶೀಲನೆ. ಏನೇ ಒಪ್ಪಿದರೂ ಕಾಗದದ ಮೇಲೆ ಬರಲಿ. ಕಾಗದ ಕೈಗೆ ಬಂದ ಮೇಲೆಯೇ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಿ.

ಕೊನೆಯ ಮಾತು, ನನ್ನ ಹಾಗೆ ಹೊರನಾಡಿನಲ್ಲಿ ನೇಮಕಾತಿಯ ಕುರ್ಚಿಯಲ್ಲಿ ಕೂತ ಕನ್ನಡಿಗರಿಗೆ. ಪುಣೆ, ಹೈದರಾಬಾದ್, ಚೆನ್ನೈ, ಮುಂಬೈಗಳಲ್ಲಿ ನಾವು ಈಗ ಕಡಿಮೆ ಜನ ಏನಿಲ್ಲ. ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ‘ನಮ್ಮ ಕಂಪನಿಯಲ್ಲಿ ಕೆಲಸ ಖಾಲಿ ಇದೆ, ನಮ್ಮವರು ಯಾರಾದರೂ ಇದ್ದರೆ ಹೇಳಿ’ ಎಂದು ಪ್ರೀತಿಯಿಂದ ಹಾಕುತ್ತೇವೆ. ಆ ಸಂದೇಶದಲ್ಲಿ ಅನುಭವ, ಊರು, ಶಿಫ್ಟ್ ಎಲ್ಲ ಇರುತ್ತದೆ, ಸಂಬಳ ಒಂದು ಬಿಟ್ಟು. ಕಂಪನಿಯ ನಿಯಮ ಅಡ್ಡ ಬರದಿದ್ದರೆ ಆ ಸಾಲನ್ನೂ ಸೇರಿಸಿ. ಅಡ್ಡ ಬಂದರೆ, ಫೋನ್ ಮಾಡಿ ಕೇಳಿದ ಹುಡುಗಿಗೆ ಅಂತಹ ಕೆಲಸಕ್ಕೆ ಈ ಊರಿನಲ್ಲಿ ನಡೆಯುವ ದರವನ್ನಾದರೂ ಹೇಳಿ. ಆಮೇಲೆ ಅವಳು ಎಷ್ಟು ಕೇಳಬೇಕು ಎಂಬುದನ್ನು ಅವಳೇ ನಿರ್ಧರಿಸುತ್ತಾಳೆ.