ಕುರ್ಚಿ ಯಾರದು?

ಪಯ್ಯಂಪಳ್ಳಿಯಂಥ ಊರಿನಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವುದು ಈಗ ಯಾರಿಗೂ ಸುದ್ದಿಯಲ್ಲ. ಕೇರಳದ ವಯನಾಡಿನಲ್ಲಿ, ಮಾನಂದವಾಡಿಯ ಪಕ್ಕದ, ಕಾಫಿ, ಮೆಣಸು, ಅಡಿಕೆಗಳ ಈ ಸೀಮೆಗೆ 2020ರ ಲಾಕ್‌ಡೌನು ಓದಿದ ಮಕ್ಕಳನ್ನು ಲ್ಯಾಪ್‌ಟಾಪ್ ಸಮೇತ ವಾಪಸು ಕಳಿಸಿತು. ಆಮೇಲೆ ಕಂಪನಿಗಳು ಒಂದೊಂದಾಗಿ ರಾಗ ಬದಲಿಸಿದವು: ವಾರಕ್ಕೆ ಎರಡೋ ಮೂರೋ ದಿನ ಆಫೀಸಿಗೆ ಬನ್ನಿ. ಹೋಗಬೇಕಾದರೆ ಸಂಜೆ ಬಾವಲಿಯ ಗೇಟು ಮುಚ್ಚುವುದರೊಳಗೆ ನಾಗರಹೊಳೆಯ ಕಾಡು ದಾಟಬೇಕು. ಸುಲ್ತಾನ್ ಬತ್ತೇರಿಯ ದಾರಿ ಹಿಡಿದರೆ ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತಕ್ಕೆ ಸಂಚಾರ ಬಂದ್. ಇಷ್ಟು ಪಾಡುಪಟ್ಟು ತಲುಪಿದರೆ ಅಲ್ಲಿ ತನ್ನದೆನ್ನುವ ಮೇಜೇ ಇಲ್ಲ. ಇದರ ಹೆಸರು ಹಾಟ್ ಡೆಸ್ಕಿಂಗ್. ಬಸ್ಸಿನ ಸೀಟಿನಂತೆ ಅವತ್ತಿನ ಕುರ್ಚಿಯನ್ನು ಮೊದಲೇ ಆ್ಯಪಿನಲ್ಲಿ ಕಾದಿರಿಸಬೇಕು.

ಕಂಪನಿಗಳು ಇದನ್ನು ಸ್ವಾತಂತ್ರ್ಯ ಅನ್ನುತ್ತವೆ. ಎಲ್ಲಿ ಬೇಕಾದರೂ ಕೂರಬಹುದಲ್ಲ! ಆದರೆ ಅರ್ಧ ಜನ ಮನೆಯಲ್ಲಿರುವಾಗ ತಲೆಗೊಂದು ಮೇಜು ಇಟ್ಟರೆ ಬಾಡಿಗೆ ದಂಡ ಎಂಬ ಲೆಕ್ಕ ಇದರ ಹಿಂದಿದೆ. ಲೆಕ್ಕ ತಪ್ಪೇನಲ್ಲ, ಬೆಂಗಳೂರಿನ ಬಾಡಿಗೆ ಬಲ್ಲವರು ಅದನ್ನು ಒಪ್ಪುತ್ತಾರೆ. ಉಳಿತಾಯಕ್ಕೆ ಸ್ವಾತಂತ್ರ್ಯದ ಅಂಗಿ ತೊಡಿಸುವುದಕ್ಕೆ ಮಾತ್ರ ನನ್ನ ತಕರಾರು. ಕಚೇರಿಯ ಹೊಸ ಫ್ಯಾಷನ್ ಯಾವುದೇ ಬರಲಿ, ಕೇಳಬೇಕಾದದ್ದು ಎರಡು ಪ್ರಶ್ನೆ: ಜಾಗವನ್ನು ತೀರ್ಮಾನಿಸುವವರು ಯಾರು, ಅದರ ಖರ್ಚು ಯಾರ ತಲೆಗೆ?

ಹಳೆಯ ಕಚೇರಿಗಳು ಈ ವಿಷಯದಲ್ಲಿ ನಾಟಕ ಆಡುತ್ತಿರಲಿಲ್ಲ. 1868ರಲ್ಲಿ ಕಟ್ಟಿ ಮುಗಿದ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ, ಹೆಸರೇ ಹೇಳುವಂತೆ, ಹದಿನೆಂಟು ಇಲಾಖೆಗಳಿದ್ದವು. 1956ರ ವಿಧಾನಸೌಧದ ಮೆಟ್ಟಿಲುಗಳ ಕೆಳಗೆ ನಿಂತು ತಲೆ ಎತ್ತಿದರೆ ದೊರೆ ಯಾರು, ಅರ್ಜಿ ಹಿಡಿದವನು ಯಾರು ಎಂದು ಕಲ್ಲೇ ಹೇಳುತ್ತದೆ. ಸಾಹೇಬರಿಗೆ ಕೋಣೆ, ಗುಮಾಸ್ತರಿಗೆ ಹಾಲ್, ಜವಾನನಿಗೆ ಬಾಗಿಲ ಹೊರಗೊಂದು ಸ್ಟೂಲ್. ಅನ್ಯಾಯವೇ, ಆದರೆ ಕಣ್ಣಿಗೆ ಕಾಣುವ ಅನ್ಯಾಯ.

ಈ ಗೋಡೆಗಳನ್ನು ಕೆಡವಲು ಹೊರಟವರ ಉದ್ದೇಶ ಒಳ್ಳೆಯದೇ ಇತ್ತು. 1950ರ ದಶಕದ ಕೊನೆಯಲ್ಲಿ ಜರ್ಮನಿಯ ಶ್ನೆಲ್ಲೆ ಸಹೋದರರು ಮೇಜುಗಳ ಸಾಲು ಮುರಿದು, ಗಿಡಗಳನ್ನಿಟ್ಟು, ಮೇಲಿನವರೂ ಕೆಳಗಿನವರೂ ಒಂದೇ ಬಯಲಿನಲ್ಲಿ ಕೂರುವ ಕಚೇರಿ ಕಲ್ಪಿಸಿದರು. ಅಮೆರಿಕದಲ್ಲಿ ರಾಬರ್ಟ್ ಪ್ರಾಪ್ಸ್ಟ್ 1960ರ ದಶಕದಲ್ಲಿ ಹರ್ಮನ್ ಮಿಲ್ಲರ್ ಕಂಪನಿಗಾಗಿ, ಕೆಲಸಗಾರ ತನಗೆ ಬೇಕಾದಂತೆ ಹೊಂದಿಸಿಕೊಳ್ಳುವ ಬಿಡಿ ಪರದೆಗಳನ್ನು ರೂಪಿಸಿದ. ಕಂಪನಿಗಳು ಅವನ್ನು ಕೊಂಡವು, ಇನ್ನಷ್ಟು ಮತ್ತಷ್ಟು ಜನರನ್ನು ತುರುಕುವುದಕ್ಕೆ. ಅದೇ ಕ್ಯೂಬಿಕಲ್. ಪ್ರಾಪ್ಸ್ಟ್ ಮುಂದೆ ತನ್ನ ಕೂಸಿನ ಗತಿ ಕಂಡು ನೊಂದುಕೊಂಡ. 1990ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಶಿಯಾಟ್ ಡೇ ಎಂಬ ಜಾಹೀರಾತು ಸಂಸ್ಥೆ ಯಾರಿಗೂ ಸ್ವಂತ ಮೇಜಿಲ್ಲ ಎಂದು ಸಾರಿದಾಗ ನೌಕರರು ಕಡತಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದರು. ಪ್ರಯೋಗ ಕೆಲವೇ ವರ್ಷಗಳಲ್ಲಿ ಮುಗಿಯಿತು. ಕಲ್ಪನೆ ಮಾತ್ರ ನಮ್ಮ ಬೆಂಗಳೂರಿನ ಹೊರವರ್ತುಲ ರಸ್ತೆಗೆ ಬಂದು ನೆಲೆಸಿದೆ.

ಗೋಡೆ ಇಲ್ಲದಿದ್ದರೆ ಜನ ಹೆಚ್ಚು ಮಾತಾಡುತ್ತಾರೆ ಎಂಬುದೂ ನಿಲ್ಲುವ ವಾದವಲ್ಲ. ಹಾರ್ವರ್ಡಿನ ಬರ್ನ್‌ಸ್ಟೀನ್ ಮತ್ತು ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಯಲು ವಿನ್ಯಾಸಕ್ಕೆ ಬದಲಾದ ಕಚೇರಿಗಳಲ್ಲಿ ಮುಖಾಮುಖಿ ಮಾತು ಸುಮಾರು ಶೇಕಡಾ 70ರಷ್ಟು ಇಳಿದು, ಇಮೇಲ್ ಏರಿತ್ತು. ಎಲ್ಲರಿಗೂ ಕಾಣುತ್ತಾ ಕೂತವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ತಮ್ಮ ಗೋಡೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಈಗ ಗೋಡೆ ಕೆಡವಿದ ಕಂಪನಿಗಳೇ ಫೋನಿನಲ್ಲಿ ಮಾತಾಡಲು ಒಬ್ಬರೇ ಹಿಡಿಸುವ ಗಾಜಿನ ಗೂಡುಗಳನ್ನು ದುಡ್ಡು ಕೊಟ್ಟು ತರಿಸುತ್ತಿವೆ. ನಗು ಬರುತ್ತದೆ.

ನಕ್ಷೆ ಬರೆಯುವಾಗ ಯಾರ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂಬುದೂ ಇದೇ ಪ್ರಶ್ನೆಯ ಇನ್ನೊಂದು ಮುಖ. ಏಸಿಯ ಹಿತಕರ ತಾಪಮಾನದ ಸೂತ್ರದಲ್ಲಿ ನಡುವಯಸ್ಸಿನ ಗಂಡಸಿನ ಶರೀರದ ಲೆಕ್ಕವಿದೆ ಎಂದು ಇಬ್ಬರು ಡಚ್ ಸಂಶೋಧಕರು 2015ರಲ್ಲಿ ತೋರಿಸಿದರು. ಬೇಸಿಗೆಯಲ್ಲೂ ಶಾಲು ಹೊದ್ದು ಕೀಬೋರ್ಡ್ ಒತ್ತುವ ಹೆಣ್ಣುಮಕ್ಕಳಿಗೆ ಸಂಶೋಧನೆಯ ಅಗತ್ಯವೇ ಇರಲಿಲ್ಲ.

ನನ್ನ ಮಟ್ಟಿಗೆ, ಈ ಭಾಗದಲ್ಲಿ ಇತ್ತೀಚೆಗೆ ನಡೆದ ಅತಿ ದೊಡ್ಡ ವಿನ್ಯಾಸ ಸುಧಾರಣೆಯನ್ನು ಮಾಡಿದವರು ವಾಸ್ತುಶಿಲ್ಪಿಗಳಲ್ಲ. ವಯನಾಡಿನ ಘಾಟಿ ಇಳಿದರೆ ಕೋಝಿಕ್ಕೋಡ್. ಅಲ್ಲಿಯ ಮಿಠಾಯಿ ತೆರುವು ಎಂಬ ಬೀದಿಯ ಅಂಗಡಿಗಳಲ್ಲಿ ಸೀರೆ ಮಡಚುವ, ಚಪ್ಪಲಿ ತೋರಿಸುವ ಹೆಂಗಸರು ದಿನವಿಡೀ ನಿಂತೇ ಇರುತ್ತಿದ್ದರು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ. ಮೂತ್ರಕ್ಕೆ ಹೋಗಲು ಜಾಗವಿಲ್ಲವೆಂದು ನೀರು ಕುಡಿಯುವುದನ್ನೇ ಬಿಟ್ಟವರಿದ್ದರು. ದರ್ಜಿ ಕೆಲಸದ ವಿಜಿ ಕಟ್ಟಿದ ಪೆಣ್‌ಕೂಟ್ಟ್ ಸಂಘಟನೆ ಮೊದಲು ಶೌಚಾಲಯ ಕೇಳಿತು, ಆಮೇಲೆ ಕೂರುವ ಹಕ್ಕು. ವರ್ಷಗಟ್ಟಲೆ ಹೋರಾಟ ನಡೆದ ಮೇಲೆ 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಆಸನ ಕೊಡುವುದನ್ನು ಮಾಲೀಕರ ಹೊಣೆ ಮಾಡಿತು. 2021ರಲ್ಲಿ ತಮಿಳುನಾಡೂ ಹಿಂಬಾಲಿಸಿತು. ಎತ್ತರ ತಗ್ಗು ಮಾಡಬಹುದಾದ ಮೇಜಿಟ್ಟು, ನಿಂತು ಕೆಲಸ ಮಾಡುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಐಟಿ ಕಂಪನಿ ಪಾಠ ಹೇಳುತ್ತಿದ್ದ ಕಾಲದಲ್ಲೇ ಇದು ನಡೆದದ್ದು. ಒಬ್ಬರಿಗೆ ನಿಲ್ಲುವುದು ಆಯ್ಕೆ, ಇನ್ನೊಬ್ಬರಿಗೆ ಶಿಕ್ಷೆ.

ಮನೆಯಿಂದ ದುಡಿಯುವವರ ಪಾಡು ಈ ಆಯ್ಕೆ, ಶಿಕ್ಷೆಗಳ ನಡುವಿನದು. ಕಂಪನಿಯ ಬಾಡಿಗೆ ಉಳಿಯಿತು, ಕರೆಂಟು ಬಿಲ್ಲು ಮನೆಗೆ ಬಂತು. ಕುರ್ಚಿ ಊಟದ ಮೇಜಿನದು, ಬೆನ್ನುನೋವು ಸ್ವಂತದ್ದು. ವಯನಾಡಿನ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಇನ್ವರ್ಟರ್ ತೆಗೆದುಕೊಳ್ಳದವರದೇ ತಪ್ಪು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೋಣೆಯನ್ನು ಕಡ್ಡಾಯ ಮಾಡಿತು. ಕೆಲಸ ಪಯ್ಯಂಪಳ್ಳಿಯ ಜಗಲಿಗೆ ಬಂದಾಗ ಆ ಕೋಣೆ ಜೊತೆಗೆ ಬರಲಿಲ್ಲ, ಅಜ್ಜಿಯೇ ಅದಾದಳು. ಹಾಗೆಂದು ಎಲ್ಲರೂ ಆಫೀಸಿಗೆ ಮರಳಲಿ ಎನ್ನಲಾರೆ. ತೋಟವನ್ನೂ ಹೆತ್ತವರನ್ನೂ ನೋಡಿಕೊಂಡು ಸಂಬಳ ತರುವ ಅವಕಾಶ ಈ ಊರುಗಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಕೇರಳ ಸರ್ಕಾರ 2022-23ರ ಬಜೆಟ್ಟಿನಲ್ಲಿ ಮನೆಗೆ ಹತ್ತಿರದ ಕೆಲಸದ ಕೇಂದ್ರಗಳನ್ನು, ಅದರದೇ ಮಾತಿನಲ್ಲಿ ವರ್ಕ್ ನಿಯರ್ ಹೋಮ್ ಯೋಜನೆಯನ್ನು, ಘೋಷಿಸಿತು. ಅಂಥದೊಂದು ಮಾನಂದವಾಡಿಯಲ್ಲೂ ಏಳಬೇಕು. ಅಲ್ಲಿ ಬಣ್ಣದ ಬೀನ್‌ಬ್ಯಾಗ್ ಬೇಡ. ಮುಚ್ಚಿಕೊಳ್ಳುವ ಬಾಗಿಲು, ತೆರೆಯಬಹುದಾದ ಕಿಟಕಿ, ಜನರೇಟರ್, ಮಗು ಮಲಗಿಸಲು ಜಾಗ, ಕೊನೆಯ ಬಸ್ಸಿಗೆ ಹೊಂದುವ ವೇಳೆ ಸಾಕು. ನಕ್ಷೆಗೆ ಸಹಿ ಬೀಳುವ ಮೊದಲು ಘಾಟಿ ಇಳಿದು ಮಿಠಾಯಿ ತೆರುವಿನ ಹೆಂಗಸರಿಗೆ ಅದನ್ನೊಮ್ಮೆ ತೋರಿಸಲಿ. ಅವರು ಮೊದಲು ಶೌಚಾಲಯ ಎಲ್ಲಿದೆ ಎಂದು ಹುಡುಕುತ್ತಾರೆ, ಆಮೇಲೆ ಕುರ್ಚಿಗಳನ್ನು ಎಣಿಸುತ್ತಾರೆ.